ಬೆಳೆಸಿದವರ ಪಾಲು ಎಷ್ಟು?

ಆನ್‌ಲೈನ್ ಫುಟ್‌ಬಾಲ್ ಮ್ಯಾನೇಜರ್ ಆಟಗಳಲ್ಲಿ ಎಳೆಯ ಆಟಗಾರನನ್ನು ತಿದ್ದಿ ಬೆಳೆಸಿದ ತಂಡಕ್ಕೆ ಅವನ ಮಾರಾಟದಲ್ಲಿ ಏನು ಸಿಗಬೇಕು? ಈ ವಿಷಯದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದವರಲ್ಲಿ ಆಡುವವರೂ ಇದ್ದಾರೆ, ಸ್ವಂತ ಲೀಗ್ ನಡೆಸುವ ಅಡ್ಮಿನ್‌ಗಳೂ ಇದ್ದಾರೆ.

ಪ್ರಶ್ನೆ: ನಾವು ಹನ್ನೆರಡು ಮಂದಿ ಗೆಳೆಯರು ಸೇರಿ ಒಂದು ಸಣ್ಣ ಆನ್‌ಲೈನ್ ಲೀಗ್ ನಡೆಸುತ್ತೇವೆ. ಒಬ್ಬರು 17 ವರ್ಷದ ಹುಡುಗನನ್ನು ಮೂರು ಸೀಸನ್ ಬೆಳೆಸಿ 2 ಲಕ್ಷಕ್ಕೆ ಮಾರಿದರು. ಕೊಂಡವರು ಎರಡೇ ತಿಂಗಳಲ್ಲಿ ಅವನನ್ನು 20 ಲಕ್ಷಕ್ಕೆ ಮಾರಿದರು. ಬೆಳೆಸಿದವರ ಕೈಗೆ ಬಿಡಿಗಾಸೂ ಬರಲಿಲ್ಲ. ನಿಜವಾದ ಫುಟ್‌ಬಾಲ್‌ನಲ್ಲಿ ಇದಕ್ಕೆ ಏನು ಮಾಡುತ್ತಾರೆ? *(ಶಿವಮೊಗ್ಗದ ಓದುಗರು)*

ಉತ್ತರ: ನಿಜವಾದ ಫುಟ್‌ಬಾಲ್‌ನಲ್ಲಿ ಇದಕ್ಕೆ ಎರಡು ದಾರಿಗಳಿವೆ. ನಿಮಗೆ ಬೇಕಾದದ್ದು ಸಾಲಿಡಾರಿಟಿ ಪಾಲು; ಎರಡನೆಯದನ್ನು ಮುಂದೆ ನೋಡೋಣ. ಫಿಫಾ 2001ರಲ್ಲಿ ಇದನ್ನು ಜಾರಿಗೆ ತಂದಿತು. ಒಪ್ಪಂದದ ಅವಧಿ ಮುಗಿಯುವ ಮೊದಲೇ ವೃತ್ತಿಪರ ಆಟಗಾರನೊಬ್ಬ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಹಣಕ್ಕೆ ಹೋದರೆ, ಆ ಹಣದಲ್ಲಿ ಶೇ 5ರಷ್ಟನ್ನು ಕಡಿದು ಅವನ 12ನೇ ವಯಸ್ಸಿನಿಂದ 23ನೇ ವಯಸ್ಸಿನವರೆಗೆ ಅವನು ನೋಂದಾಯಿತನಾಗಿದ್ದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರವರೆಗಿನ ಒಂದೊಂದು ವರ್ಷಕ್ಕೂ ಟ್ರಾನ್ಸ್‌ಫರ್ ಹಣದ ಶೇ 0.25, 16ರಿಂದ 23ರವರೆಗಿನ ಒಂದೊಂದು ವರ್ಷಕ್ಕೂ ಶೇ 0.5. ವರ್ಷ ಪೂರ್ತಿ ಇರದಿದ್ದರೆ ಇದ್ದಷ್ಟು ದಿನದ ಲೆಕ್ಕ. 2020ರಿಂದ ಈಚೆಗೆ ಒಂದೇ ದೇಶದೊಳಗಿನ ಮಾರಾಟವಾದರೂ, ಬೆಳೆಸಿದ ಕ್ಲಬ್ ಬೇರೆ ದೇಶದ್ದಾಗಿದ್ದರೆ ಅದಕ್ಕೂ ಪಾಲು ಬರುತ್ತದೆ.

ಶೇ 0.25 ಎಂದರೆ ಪುಡಿಗಾಸು ಎನಿಸಬಹುದು. 2017ರಲ್ಲಿ ನೇಯ್ಮಾರ್ ಬಾರ್ಸಿಲೋನಾದಿಂದ ಪ್ಯಾರಿಸ್ ಸೇಂಟ್ ಜರ್ಮೈನ್‌ಗೆ ಹೋದ ಮೊತ್ತ 22.2 ಕೋಟಿ ಯೂರೋ. ಅಂಥ ಮೊತ್ತಕ್ಕೆ ಈ ದರ ಹಾಕಿದರೆ 12–15ರ ಒಂದು ವರ್ಷದ ಪಾಲೇ 5.55 ಲಕ್ಷ ಯೂರೋ. ಒಂದು ಸಣ್ಣ ಕ್ಲಬ್‌ನ ಹುಡುಗರ ತಂಡಗಳು ಅಷ್ಟರಲ್ಲಿ ಎಷ್ಟೋ ವರ್ಷ ನಡೆದಾವು.

ಈ ನಿಯಮದಲ್ಲಿ ನೀವು ಮುಖ್ಯವಾಗಿ ನೋಡಬೇಕಾದದ್ದು ಹಣ ಎಲ್ಲಿಂದ ಬರುತ್ತದೆ ಎಂಬುದನ್ನು. ಅದು ಹೊಸದಾಗಿ ಹುಟ್ಟುವ ಹಣವಲ್ಲ, ಮಾರಾಟದ ಮೊತ್ತದಿಂದಲೇ ಕಡಿತವಾಗುವ ಹಣ. ಬಹಳ ಲೀಗ್‌ಗಳಲ್ಲಿ ಅಡ್ಮಿನ್‌ಗಳು ಬೆಳೆಸಿದವರಿಗೆ ಬೋನಸ್ ಎಂದು ಖಜಾನೆಯಿಂದ ಕೊಡುತ್ತಾರೆ. ಪ್ರತಿ ಮಾರಾಟಕ್ಕೂ ಒಂದಿಷ್ಟು ಹೊಸ ಹಣ ಲೀಗಿಗೆ ಸೇರುತ್ತದೆ, ಎರಡು ಮೂರು ಸೀಸನ್‌ಗಳಲ್ಲಿ ಎಲ್ಲ ಆಟಗಾರರ ಬೆಲೆಯೂ ಏರುತ್ತದೆ, ಹೊಸದಾಗಿ ಸೇರಿದ ತಂಡಕ್ಕೆ ಯಾರನ್ನೂ ಕೊಳ್ಳಲಾಗದಂತಾಗುತ್ತದೆ.

ಇನ್ನೊಂದು ಮಾತು. ಎರಡು ತಿಂಗಳಲ್ಲಿ ಬೆಲೆ ಹತ್ತು ಪಟ್ಟಾಗಿದೆ ಎಂದರೆ ಮೊದಲ ಮಾರಾಟ ಎಲ್ಲರೂ ಬಿಡ್ ಹಾಕಬಹುದಾದ ಹರಾಜಿನಲ್ಲಿ ನಡೆದಿರಲಾರದು. ಪಾಲಿನ ನಿಯಮ ಆ ಹುಳುಕನ್ನು ಮುಚ್ಚುವುದಿಲ್ಲ. ಮೊದಲು ಖಾಸಗಿ ಮಾರಾಟ ನಿಲ್ಲಿಸಿ.

ಪ್ರಶ್ನೆ: ನಾನು ಹ್ಯಾಟ್ರಿಕ್ ಎಂಬ ಆನ್‌ಲೈನ್ ಮ್ಯಾನೇಜರ್ ಆಟ ಆಡುತ್ತೇನೆ. ಅಲ್ಲಿ ಆಟಗಾರ ಪ್ರತಿ ಸಲ ಮಾರಾಟವಾದಾಗಲೂ ಅವನು ಹುಟ್ಟಿದ ತಂಡಕ್ಕೆ ಶೇ 2 ಹೋಗುತ್ತದೆ. ಹುಡುಗನನ್ನು ಯೂತ್ ತಂಡದಿಂದ ಮೇಲೆತ್ತಿ ಮರುದಿನವೇ ಮಾರಿದವರಿಗೂ ಇದು ಸಿಗುತ್ತದಲ್ಲ, ಸರಿಯೇ? *(ಮಂಗಳೂರಿನ ಓದುಗರು)*

ಉತ್ತರ: ಅರ್ಧ ಸರಿ. ಸ್ವೀಡನ್‌ನಲ್ಲಿ 1997ರಲ್ಲಿ ಶುರುವಾದ ಈ ಆಟದಲ್ಲಿ ಹುಟ್ಟಿದ ತಂಡದ ಪಾಲು ಯೂತ್ ಅಕಾಡೆಮಿಗೆ ವಾರವಾರವೂ ಹಣ ಸುರಿಯುವುದಕ್ಕೆ ಸಿಗುವ ಪ್ರತಿಫಲ. ಅಕಾಡೆಮಿಯಲ್ಲೂ ತರಬೇತಿ ಇದೆ, ಹುಡುಗ ಅಲ್ಲಿ ಕನಿಷ್ಠ ಒಂದು ಸೀಸನ್ ಕಳೆದೇ ಮೇಲೆ ಬರಬೇಕು. ಹಾಗಾಗಿ ಆ ಹಣ ಬಿಟ್ಟಿಯೇನಲ್ಲ. ಹಿಂದಿನ ತಂಡಕ್ಕೂ ಆಟಗಾರ ಅಲ್ಲಿ ಆಡಿದ ಪಂದ್ಯಗಳನ್ನು ನೋಡಿ ಒಂದು ಪಾಲಿದೆ. ಕೊಂಡ ಕೂಡಲೇ ಮಾರಿದರೆ ಏಜೆಂಟ್ ಹೆಚ್ಚು ಕಡಿಯುತ್ತಾನೆ, ಇಟ್ಟುಕೊಂಡಷ್ಟೂ ಕಡಿತ ಇಳಿಯುತ್ತದೆ. ದಿನದಿನದ ವ್ಯಾಪಾರಕ್ಕೆ ಇದು ಒಳ್ಳೆಯ ಮೂಗುದಾರ.

ಕೊರತೆ ಇರುವುದು ನಡುವಿನವರಿಗೆ. ಹುಟ್ಟಿದ ತಂಡ ಒಂದು, ಹಿಂದಿನ ತಂಡ ಒಂದು. 17ರಿಂದ 20ರವರೆಗೆ ನಾಲ್ಕು ವರ್ಷ ತಿದ್ದಿದ ತಂಡ ಇವೆರಡರ ಮಧ್ಯದಲ್ಲಿ ಎಲ್ಲೋ ಇದ್ದರೆ ಮುಂದಿನ ಮಾರಾಟಗಳಲ್ಲಿ ಅದರ ಹೆಸರೇ ಬರುವುದಿಲ್ಲ. ನಮ್ಮ ಮಟ್ಟಿಗೆ ಅನ್ಯಾಯ ಆಗುವುದು ಇಲ್ಲಿಯೇ. ಕೆಲಸ ಮಾಡಿದ ವಾರಗಳನ್ನು ಆಯಾ ವಾರವೇ ಬರೆದಿಟ್ಟುಕೊಂಡರೆ ಮಾತ್ರ ಇದನ್ನು ಸರಿಪಡಿಸಬಹುದು.

ಪ್ರಶ್ನೆ: ಹಾಗೆ ಬರೆದಿಡುವುದು ಹೇಗೆ? ಲೆಕ್ಕದ ಸೂತ್ರ ಕೊಡಿ. *(ಹುಬ್ಬಳ್ಳಿಯ ಲೀಗ್ ಅಡ್ಮಿನ್)*

ಉತ್ತರ: ಒಂದು ಶೀಟ್ ಅಥವಾ ಟೇಬಲ್ ಸಾಕು. ಆಟಗಾರನ ಐಡಿ, ವಾರದ ಸಂಖ್ಯೆ, ಪಂದ್ಯದ ದಿನಾಂಕ, ಆ ದಿನ ಆಡಿಸಿದ ತಂಡದ ಐಡಿ, ಆಟಗಾರನ ವಯಸ್ಸು, ಆಡಿದ ನಿಮಿಷ, ಆಡಿದ ಜಾಗ, ಆ ವಾರದ ತರಬೇತಿಯ ಬಗೆ, ಸಿಕ್ಕ ಅಂಕ. ವಾರಕ್ಕೆ ಆಟಗಾರನಿಗೆ ಒಂದೇ ಸಾಲು. ಬರೆದ ಸಾಲನ್ನು ಮತ್ತೆ ಮುಟ್ಟಬಾರದು. ತಪ್ಪಾಗಿದ್ದರೆ ಅದನ್ನು ಸರಿದೂಗಿಸುವ ಹೊಸ ಸಾಲು ಸೇರಿಸಿ.

ಅಂಕದ ಲೆಕ್ಕ ಹೀಗೆ: ತರಬೇತಿಗೆ ಹೊಂದುವ ಜಾಗದಲ್ಲಿ ಆಡಿದ ನಿಮಿಷಗಳನ್ನು 90ರಿಂದ ಭಾಗಿಸಿ, ಆ ಜಾಗದ ದರದಿಂದ ಗುಣಿಸಿ. ವಾರಕ್ಕೆ 90 ನಿಮಿಷಕ್ಕಿಂತ ಹೆಚ್ಚು ಲೆಕ್ಕಕ್ಕಿಲ್ಲ. ದರವನ್ನು ನಿಮ್ಮ ಆಟದ ತರಬೇತಿ ನಿಯಮದಿಂದಲೇ ಎತ್ತಿಕೊಳ್ಳಿ. ಹ್ಯಾಟ್ರಿಕ್ ಮಾದರಿಯ ಆಟವಾದರೆ, ಪ್ಲೇಮೇಕಿಂಗ್ (ಆಟ ಕಟ್ಟುವ ಕೌಶಲ) ತರಬೇತಿಯ ವಾರ ನಡು ಮಿಡ್‌ಫೀಲ್ಡರ್‌ಗೆ ಪೂರ್ತಿ ಫಲ, ಅಂಚಿನಲ್ಲಿ ಆಡುವ ವಿಂಗರ್‌ಗೆ ಅರ್ಧ. ಹಾಗಾದರೆ ಮಿಡ್‌ಫೀಲ್ಡರ್‌ಗೆ 1 ಅಂಕ, ವಿಂಗರ್‌ಗೆ 0.5. ಅದೇ ವಾರ ಗೋಲ್‌ಕೀಪರ್ ಇಡೀ ಪಂದ್ಯ ಆಡಿದರೂ ಅವನ ಲೆಕ್ಕದಲ್ಲಿ ಸೊನ್ನೆ.

ಇನ್ನು ಹಂಚಿಕೆ. ಒಂದು ವಯಸ್ಸಿಗೆ 16 ವಾರ ಎಂದಿಟ್ಟುಕೊಳ್ಳೋಣ. 17ರಿಂದ 23ರವರೆಗೆ ಏಳು ವರ್ಷ, ಹೆಚ್ಚೆಂದರೆ 112 ಅಂಕ. ಮಾರಾಟದ ಶೇ 5ನ್ನು ಯಾವಾಗಲೂ ಈ 112ರಿಂದಲೇ ಭಾಗಿಸಬೇಕು. ಇಲ್ಲಿಯವರೆಗೆ ದಾಖಲಾದ ಒಟ್ಟು ಅಂಕದಿಂದ ಭಾಗಿಸುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ನಾಲ್ಕೇ ವಾರ ಆಡಿಸಿದ ತಂಡವೊಂದೇ ದಾಖಲೆಯಲ್ಲಿದ್ದಾಗ ಇಡೀ ಶೇ 5 ಅದಕ್ಕೇ ಹೋಗುತ್ತದೆ.

ಶಿವಮೊಗ್ಗದವರ ಹುಡುಗನನ್ನೇ ತೆಗೆದುಕೊಳ್ಳಿ. ಮೊದಲ ತಂಡ ಅವನನ್ನು ಪ್ರತಿ ಸೀಸನ್ 12 ವಾರ ಪೂರ್ತಿ ದರದ ಜಾಗದಲ್ಲಿ, 4 ವಾರ ಅರ್ಧ ದರದ ಜಾಗದಲ್ಲಿ ಆಡಿಸಿದೆ ಎನ್ನಿ. ಸೀಸನ್‌ಗೆ 14, ಮೂರು ಸೀಸನ್‌ಗೆ 42 ಅಂಕ. 20 ಲಕ್ಷದ ಶೇ 5 ಎಂದರೆ 1,00,000. ಅದನ್ನು 112ರಿಂದ ಭಾಗಿಸಿ 42ರಿಂದ ಗುಣಿಸಿದರೆ 37,500. ಉಳಿದ 62,500 ಮಾರುವವರ ಬಳಿಯೇ ಇರುತ್ತದೆ, ಅವರ ಕೈಗೆ ಒಟ್ಟು 19,62,500. ಮುಂದೆ ಅದೇ ಹುಡುಗ 40 ಲಕ್ಷಕ್ಕೆ ಹೋದರೆ ಮೊದಲ ತಂಡಕ್ಕೆ ಮತ್ತೆ 75,000. ಬೆಳೆಸಿದವರೇ ಮಾರುವವರೂ ಆಗಿದ್ದರೆ ಅವರ ಪಾಲು ಅವರಲ್ಲೇ ಉಳಿಯುತ್ತದೆ, ಬೇರೆ ಲೆಕ್ಕ ಬೇಡ.

ಒಂದೊಂದು ತಂಡಕ್ಕೆ ಕೊನೆಗೆ ಬರುವ ಪಾಲನ್ನು ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸಿ, ಚಿಲ್ಲರೆಯನ್ನು ಮಾರುವವರಿಗೆ ಬಿಡಿ. ಮೇಲಕ್ಕೆ ಏರಿಸಿದರೆ ಐದಾರು ತಂಡಗಳ ಪಾಲು ಕೂಡಿದಾಗ ಮೊತ್ತ ಕೈಮೀರಬಹುದು. ಪಾವತಿಯನ್ನು ಮಾರಾಟ ಮುಗಿದ ಕ್ಷಣದಲ್ಲೇ, ಹಣ ಮಾರುವವರ ಖಾತೆಗೆ ಬೀಳುವ ಮೊದಲೇ ಕಡಿಯಿರಿ. ಸೀಸನ್ ಕೊನೆಗೆ ವಸೂಲಿ ಎಂದು ಬಿಟ್ಟರೆ ಅಷ್ಟರಲ್ಲಿ ಅವರು ಹಣ ಖರ್ಚು ಮಾಡಿ ಖಾತೆ ಮೈನಸ್‌ಗೆ ಇಳಿದಿರುತ್ತದೆ.

ಪ್ರಶ್ನೆ: ಶೇ 5 ತೀರ ಕಡಿಮೆಯಾಗಲಿಲ್ಲವೇ? ಶೇ 20 ಇಟ್ಟರೆ ಎಲ್ಲರೂ ಹುಡುಗರನ್ನು ಬೆಳೆಸುತ್ತಾರೆ. *(ಮೈಸೂರಿನ ಓದುಗರು)*

ಉತ್ತರ: ಬೆಳೆಸುತ್ತಾರೆ, ಆದರೆ ಮಾರುವುದಿಲ್ಲ. ಪೂರ್ತಿ ಅಂಕ ದಾಖಲಾದ ಆಟಗಾರನನ್ನು 10 ಲಕ್ಷಕ್ಕೆ ಕೊಂಡವರು ಶೇ 5ರ ಕಡಿತದಲ್ಲಿ ಅಸಲು ಮರಳಿ ಪಡೆಯಲು ಸುಮಾರು 10,52,600ಕ್ಕೆ ಮಾರಬೇಕು. ಶೇ 20 ಆದರೆ 12,50,000. ಮಾರುಕಟ್ಟೆ ಹೆಪ್ಪುಗಟ್ಟುತ್ತದೆ, ಜನ ಹಣ ಕಾಣಿಸದಂತೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಶುರು ಮಾಡುತ್ತಾರೆ. ಬಹಳ ಅಂದರೆ ಶೇ 8ರವರೆಗೆ ಹೋಗಬಹುದು ಎಂಬುದು ನಮ್ಮ ಅಭಿಪ್ರಾಯ.

ಲಾಭದ ಮೇಲೆ ಮಾತ್ರ ಪಾಲು ಹಾಕಿ ಎಂಬ ಸಲಹೆಯೂ ಬಂದಿದೆ. ಅದು ಕೇಳಲು ಹಿತ. ಆದರೆ ಕೊಂಡವರು ನಷ್ಟಕ್ಕೆ ಮಾರಿದರೆ ಬೆಳೆಸಿದವರಿಗೆ ಏನೂ ಇಲ್ಲ, ಆ ನಷ್ಟಕ್ಕೆ ಕಾರಣ ಅವರ ಕೆಲಸವೂ ಅಲ್ಲ. ಮುಂದಿನ ಲಾಭದಲ್ಲಿ ಪಾಲು ಬೇಕೆನ್ನುವವರು ಮಾರುವಾಗಲೇ ಮಾತಾಡಿಕೊಳ್ಳಲಿ. ನಿಜವಾದ ಕ್ಲಬ್‌ಗಳು ಸೆಲ್-ಆನ್ ಷರತ್ತು ಹಾಕುವುದು ಹಾಗೆಯೇ.

ಪ್ರಶ್ನೆ: ನಿಮಿಷ ಎಣಿಸುವುದಕ್ಕಿಂತ ಕೌಶಲ ಎಷ್ಟು ಏರಿತು ಎಂದು ನೋಡಿ ಪಾಲು ಕೊಡುವುದು ನ್ಯಾಯವಲ್ಲವೇ? *(ಧಾರವಾಡದ ಓದುಗರು)*

ಉತ್ತರ: ಇದರ ಬಗ್ಗೆ ಅಡ್ಮಿನ್‌ಗಳಲ್ಲಿ ಜಗಳವೇ ನಡೆಯುತ್ತದೆ. ನಾವು ನಿಮಿಷದ ಪಕ್ಷ, ಕಾರಣ ಹೇಳುತ್ತೇವೆ. ಇಂಥ ಆಟಗಳಲ್ಲಿ ಕೌಶಲ ಏರುವ ವೇಗವನ್ನು ವಯಸ್ಸು, ಈಗಿರುವ ಮಟ್ಟ, ಕೋಚ್‌ನ ಗುಣಮಟ್ಟ, ಸಹಾಯಕ ಕೋಚ್‌ಗಳ ಸಂಖ್ಯೆ ಎಲ್ಲವೂ ತೀರ್ಮಾನಿಸುತ್ತವೆ. 17ರ ಹುಡುಗ ಕೆಲವೇ ವಾರಗಳಲ್ಲಿ ಒಂದು ಮಟ್ಟ ಏರುತ್ತಾನೆ, 25ರವನಿಗೆ ಅದೇ ಮಟ್ಟಕ್ಕೆ ಎಷ್ಟೋ ಹೆಚ್ಚು ವಾರ ಬೇಕು. ಏರಿಕೆಯನ್ನೇ ಎಣಿಸಿದರೆ ದುಬಾರಿ ಕೋಚ್ ಇಟ್ಟ ಶ್ರೀಮಂತ ತಂಡಕ್ಕೆ ಪಾಲೂ ಹೆಚ್ಚು. ಆ ತಂಡಕ್ಕೆ ಕೋಚ್‌ನ ಫಲ ಆಗಲೇ ಮಾರಾಟದ ಬೆಲೆಯಲ್ಲಿ ಸಿಕ್ಕಿದೆ, ಮತ್ತೊಮ್ಮೆ ಕೊಡಬೇಕಿಲ್ಲ.

ನಿಮಿಷದ ಲೆಕ್ಕದಲ್ಲಿ ಬೆಲೆ ಇರುವುದು ಮ್ಯಾನೇಜರ್ ಪಟ್ಟ ಕಷ್ಟಕ್ಕೆ. ಹಸಿ ಹುಡುಗನನ್ನು ಆಡಿಸಿದ ವಾರ ಪಂದ್ಯ ಸೋಲುವ ಅಪಾಯ ಹೆಚ್ಚು. ಅಂಕಪಟ್ಟಿಯಲ್ಲಿ ಆ ಬೆಲೆ ತೆತ್ತವರು ಆಡಿಸಿದವರೇ.

ಏರಿಕೆಯ ಲೆಕ್ಕ ಸೀಸನ್ ಕೊನೆಯ ಪ್ರಶಸ್ತಿಗೆ ಚೆನ್ನಾಗಿ ಒಗ್ಗುತ್ತದೆ. ಲೀಗಿನಲ್ಲಿ ಒಂದೊಂದು ವಯಸ್ಸಿನವರ ಏರಿಕೆಯ ಮಧ್ಯಮಾನ (ಎಲ್ಲವನ್ನೂ ಏರಿಕೆಯ ಸಾಲಿನಲ್ಲಿ ಇಟ್ಟಾಗ ನಟ್ಟನಡುವೆ ಬರುವ ಸಂಖ್ಯೆ) ತೆಗೆಯಿರಿ. 18ರವರ ಮಧ್ಯಮಾನ 3 ಮಟ್ಟವಿದ್ದು ನಿಮ್ಮ ಹುಡುಗ 3.6 ಏರಿದ್ದರೆ ಅವನಿಂದ ನಿಮಗೆ 0.6. ಕನಿಷ್ಠ 8 ವಾರ ನಿಮ್ಮಲ್ಲಿದ್ದವರನ್ನು ಮಾತ್ರ ಎಣಿಸಿ, ಅವರಲ್ಲಿ ಮೇಲಿನ ಐವರನ್ನು ಕೂಡಿಸಿ. ಎಲ್ಲರನ್ನೂ ಕೂಡಿಸಿದರೆ ಹದಿನೈದು ಹುಡುಗರನ್ನು ಗುಡ್ಡೆ ಹಾಕಿಕೊಂಡವರು ಗೆಲ್ಲುತ್ತಾರೆ. ಸರಾಸರಿ ತೆಗೆದರೆ ಒಬ್ಬನನ್ನೇ ಇಟ್ಟುಕೊಂಡು ಬೆಳೆಸುವವರು ಗೆಲ್ಲುತ್ತಾರೆ.

ಪ್ರಶ್ನೆ: ಪಂದ್ಯ ಭಾನುವಾರ, ತರಬೇತಿಯ ಫಲ ಬರುವುದು ಗುರುವಾರ. ಮಂಗಳವಾರ ಮಾರಾಟವಾದರೆ ಆ ವಾರದ ಅಂಕ ಯಾರಿಗೆ? *(ತುಮಕೂರಿನ ಓದುಗರು)*

ಉತ್ತರ: ಭಾನುವಾರ ಆಡಿಸಿದವರಿಗೆ. ಅಂಕವನ್ನು ಪಂದ್ಯ ಮುಗಿದ ಕೂಡಲೇ ಬರೆಯಬೇಕು, ಗುರುವಾರ ಆಟಗಾರ ಯಾರ ತಂಡದಲ್ಲಿದ್ದಾನೆ ಎಂದು ನೋಡಿ ಬರೆಯಬಾರದು. ಇದನ್ನು ತಪ್ಪಿದ ಲೀಗ್‌ಗಳಲ್ಲಿ ಸೋಮವಾರ, ಮಂಗಳವಾರಗಳಂದೇ ಹುಡುಗರ ಕೊಳ್ಳುವಿಕೆ ಜೋರಾಗಿರುತ್ತದೆ.

ಪ್ರಶ್ನೆ: ಲೋನ್ ಮೇಲೆ, ಅಂದರೆ ಒಂದಿಷ್ಟು ಕಾಲಕ್ಕೆ ಮಾತ್ರ ಬೇರೆ ತಂಡಕ್ಕೆ ಕೊಟ್ಟ ಆಟಗಾರನ ಅಂಕ ಮಾಲೀಕ ತಂಡಕ್ಕೋ ಆಡಿಸಿದ ತಂಡಕ್ಕೋ? ಗಾಯಗೊಂಡ ವಾರಗಳಿಗೆ ಏನು ಮಾಡಬೇಕು? *(ಬೆಳಗಾವಿಯ ಓದುಗರು)*

ಉತ್ತರ: ಲೋನ್‌ನ ಅಂಕ ಆಡಿಸಿದ ತಂಡಕ್ಕೆ. ಫಿಫಾ ನಿಯಮದಲ್ಲೂ ಲೋನ್ ಅವಧಿಯ ಪಾಲು ಲೋನ್ ಪಡೆದ ಕ್ಲಬ್‌ಗೇ. ದೊಡ್ಡ ತಂಡಗಳು ಹತ್ತಾರು ಹುಡುಗರನ್ನು ಹೆಸರಿಗೆ ಇಟ್ಟುಕೊಂಡು ಊರೆಲ್ಲ ಲೋನ್ ಹಂಚುವುದಕ್ಕೆ ಇದರಿಂದ ಸ್ವಲ್ಪ ತಡೆ ಬೀಳುತ್ತದೆ.

ಗಾಯದ ವಿಷಯದಲ್ಲಿ ಉದಾರವಾಗಿರಿ. ಗಾಯವಾದ ವಾರಗಳಿಗೆ ಸೊನ್ನೆ ಹಾಕಿದರೆ ಹುಡುಗ ಕುಂಟಿದ ದಿನವೇ ಅವನನ್ನು ಕೈಬಿಡುತ್ತಾರೆ. ಹಿಂದಿನ ನಾಲ್ಕು ವಾರಗಳ ಸರಾಸರಿ ಅಂಕವನ್ನು ನಾಲ್ಕು ವಾರಗಳವರೆಗೆ ಕೊಡಿ, ಆಮೇಲೆ ನಿಲ್ಲಿಸಿ. ಬೆಂಚ್‌ನಲ್ಲಿ ಕೂತವರಿಗೆ ಮಾತ್ರ ಏನೂ ಬೇಡ. ಫಿಫಾದಲ್ಲಿ ನೋಂದಣಿ ಇದ್ದರೆ ಸಾಕು, ಬೆಂಚ್‌ನಲ್ಲಿ ಕೂತ ವರ್ಷವೂ ಲೆಕ್ಕಕ್ಕೆ ಬರುತ್ತದೆ. ಜಗತ್ತಿನ ಎಲ್ಲ ಹುಡುಗರ ನಿಮಿಷ ಎಣಿಸಲು ಅವರಿಗೆ ಸಾಧ್ಯವಿಲ್ಲ, ನಿಮ್ಮ ಸರ್ವರ್‌ಗೆ ಸಾಧ್ಯ.

ಪ್ರಶ್ನೆ: ಒಬ್ಬರೇ ಎರಡು ಖಾತೆ ತೆರೆದು ಆಟಗಾರರನ್ನು ಆಚೆಯಿಂದ ಈಚೆಗೆ ಮಾರಿಕೊಂಡರೆ? *(ದಾವಣಗೆರೆಯ ಲೀಗ್ ಅಡ್ಮಿನ್)*

ಉತ್ತರ: ಮೋಸ ಎರಡು ಥರ. ಕಡಿಮೆ ಬೆಲೆ ತೋರಿಸಿ ಹಳೆಯ ತಂಡಗಳ ಪಾಲು ತಪ್ಪಿಸುವುದು ಒಂದು, ಹೆಚ್ಚಿನ ಬೆಲೆ ತೋರಿಸಿ ಎರಡನೇ ಖಾತೆಯ ಹಣವನ್ನು ಮೊದಲನೆಯದಕ್ಕೆ ಸಾಗಿಸುವುದು ಇನ್ನೊಂದು. ಎರಡಕ್ಕೂ ಮದ್ದು ಬಹಿರಂಗ ಹರಾಜು. ಗಡುವಿನ ಕೊನೆಯ ಮೂರು ನಿಮಿಷದಲ್ಲಿ ಬಿಡ್ ಬಿದ್ದರೆ ಗಡುವು ಮುಂದೆ ಹೋಗಬೇಕು, ಹ್ಯಾಟ್ರಿಕ್‌ನಲ್ಲಿ ಹೀಗೆಯೇ ಇದೆ. ಇಲ್ಲದಿದ್ದರೆ ಕೊನೆಯ ಸೆಕೆಂಡಿನಲ್ಲಿ ಬಿಡ್ ಹಾಕಿ ಅಗ್ಗಕ್ಕೆ ಎತ್ತಿಕೊಳ್ಳುತ್ತಾರೆ.

ಅದರ ಮೇಲೂ ಒಂದು ಜರಡಿ ಇರಲಿ. ಅದೇ ವಯಸ್ಸು, ಅದೇ ಮುಖ್ಯ ಕೌಶಲದ ಆಟಗಾರರು ಕಳೆದ ನಾಲ್ಕು ವಾರಗಳಲ್ಲಿ ಮಾರಾಟವಾದ ಬೆಲೆಯ ಮಧ್ಯಮಾನ ಹಿಡಿಯಿರಿ. ಮಾರಾಟ ಅದರ ಅರ್ಧಕ್ಕಿಂತ ಕಡಿಮೆ ಅಥವಾ ಎರಡು ಪಟ್ಟಿಗಿಂತ ಹೆಚ್ಚಾದರೆ ತಾನಾಗಿಯೇ ತಡೆಹಿಡಿದು ಅಡ್ಮಿನ್ ನೋಡಲಿ. ಮಧ್ಯಮಾನವನ್ನೇ ಏಕೆ ಎಂದರೆ, ಒಂದೇ ಒಂದು ಹುಚ್ಚು ಬೆಲೆ ಸರಾಸರಿಯನ್ನು ಎಳೆದುಬಿಡುತ್ತದೆ. ಅದಲುಬದಲಿಗೆ ಅವಕಾಶ ಕೊಡುವುದಾದರೆ ಪಾಲನ್ನು ಈ ಮಧ್ಯಮಾನದ ಮೇಲೆ ಲೆಕ್ಕ ಹಾಕಿ.

ಪ್ರಶ್ನೆ: ಒಪ್ಪಂದ ಮುಗಿದು ಹುಡುಗ ಬಿಟ್ಟಿಯಾಗಿ ಹೋದರೆ ಶೇ 5 ಎಂದರೂ ಸೊನ್ನೆಯೇ. ಆಗೇನು? *(ಕಲಬುರಗಿಯ ಓದುಗರು)*

ಉತ್ತರ: ಮೊದಲು ಹೇಳಿದ ಎರಡು ದಾರಿಗಳಲ್ಲಿ ಎರಡನೆಯದು ಇದಕ್ಕೇ ಇದೆ: ತರಬೇತಿ ಪರಿಹಾರ. ಹುಡುಗ ಮೊದಲ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದಾಗ, ಆಮೇಲೆ 23 ತುಂಬುವ ವರ್ಷದವರೆಗೆ ದೇಶದಿಂದ ದೇಶಕ್ಕೆ ಹೋದಾಗ, ಅವನನ್ನು ಸೇರಿಸಿಕೊಂಡ ಹೊಸ ಕ್ಲಬ್ ವರ್ಷದ ಲೆಕ್ಕದಲ್ಲಿ ಹಣ ಕೊಡಬೇಕು. ಮೊತ್ತ ನಿಲ್ಲುವುದು ಆ ಹೊಸ ಕ್ಲಬ್‌ನ ದರ್ಜೆಯ ಮೇಲೆ. ಯುರೋಪಿನಲ್ಲಿ ಒಂದನೇ ದರ್ಜೆಗೆ ವರ್ಷಕ್ಕೆ 90,000 ಯೂರೋ, ಎರಡನೆಯದಕ್ಕೆ 60,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 10,000. 12ರಿಂದ 15ರವರೆಗಿನ ವರ್ಷಗಳಿಗೆ ನಾಲ್ಕನೇ ದರ್ಜೆಯ ದರವೇ. ಅಂದರೆ ದರ ಏರಿಸುವುದು ಕೊಳ್ಳುವವರ ತಾಕತ್ತು.

ಐರೋಪ್ಯ ಒಕ್ಕೂಟದೊಳಗೆ ಇನ್ನೊಂದು ಷರತ್ತಿದೆ. ಒಪ್ಪಂದ ಮುಗಿಯುವುದಕ್ಕೆ 60 ದಿನ ಮೊದಲಾದರೂ ಹಳೆಯ ಕ್ಲಬ್ ಹುಡುಗನಿಗೆ ಹೊಸ ಒಪ್ಪಂದವನ್ನು ಬರಹದಲ್ಲಿ ಕೊಟ್ಟಿರಬೇಕು. ಕೊಡದಿದ್ದರೆ ಸಾಮಾನ್ಯವಾಗಿ ಪರಿಹಾರದ ಹಕ್ಕು ಹೋಗುತ್ತದೆ. ಈ ಷರತ್ತನ್ನು ನಿಮ್ಮ ಆಟಕ್ಕೂ ತನ್ನಿ. ಬೇಡವೆಂದು ಬಿಟ್ಟವರು ಆಮೇಲೆ ಪಾಲು ಕೇಳುವಂತಿರಬಾರದು. ನಿಮ್ಮ ಲೀಗಿನಲ್ಲಿ ಮೂರು ಡಿವಿಷನ್ ಇದ್ದರೆ ಪ್ರತಿ ಅಂಕಕ್ಕೆ ಒಂದು ನಿಗದಿ ದರ ಇಡಿ: ಮೇಲಿನ ಡಿವಿಷನ್‌ನವರು ಕೊಂಡರೆ ಅಂಕಕ್ಕೆ 1,500, ನಡುವಿನವರು 800, ಕೆಳಗಿನವರು 300. ನಿಮ್ಮ ಲೀಗಿನ ಸಂಬಳಗಳಿಗೆ ತಕ್ಕಂತೆ ಇದನ್ನು ಹಿಗ್ಗಿಸಿ ಕುಗ್ಗಿಸಿ.

ಪ್ರಶ್ನೆ: ಬೆಳೆಸಿದ ತಂಡದವರು ಆಟ ಬಿಟ್ಟು ಹೋಗಿದ್ದರೆ ಆ ಪಾಲು ಯಾರಿಗೆ? *(ಉಡುಪಿಯ ಓದುಗರು)*

ಉತ್ತರ: ಮಾರುವವರಿಗಂತೂ ಅಲ್ಲ. ನಿಜವಾದ ಫುಟ್‌ಬಾಲ್‌ನಲ್ಲಿ ಬೆಳೆಸಿದ ಕ್ಲಬ್ ಮುಚ್ಚಿಹೋಗಿದ್ದರೆ ಫಿಫಾ ನಿಯಮದಂತೆ ಆ ದೇಶದ ಫುಟ್‌ಬಾಲ್ ಸಂಸ್ಥೆ ಪಾಲು ಕೇಳಬಹುದು, ಅದನ್ನು ಎಳೆಯರ ಫುಟ್‌ಬಾಲ್‌ಗೇ ಬಳಸಬೇಕು. ನಿಮ್ಮಲ್ಲೂ ಒಂದು ಯೂತ್ ನಿಧಿ ಇರಲಿ. ಹೊಸದಾಗಿ ಸೇರುವ ತಂಡದ ಅಕಾಡೆಮಿ ಖರ್ಚಿಗೆ ಅದರಿಂದ ಕೊಡಿ.

ಪ್ರಶ್ನೆ: ಬೆಂಗಳೂರಿನ ಒಂದು ಕೋಚಿಂಗ್ ಕ್ಯಾಂಪ್‌ನಲ್ಲಿ ಕಲಿತ ಹುಡುಗ ನಾಳೆ ವಿದೇಶಿ ಕ್ಲಬ್‌ನಿಂದ ಕ್ಲಬ್‌ಗೆ ಮಾರಾಟವಾದರೆ ಆ ಕ್ಯಾಂಪ್‌ಗೂ ಪಾಲು ಬರುತ್ತದೆಯೇ? *(ಬೆಂಗಳೂರಿನ ಓದುಗರು)*

ಉತ್ತರ: ಕ್ಯಾಂಪ್ ಎಂದಷ್ಟೇ ಇದ್ದರೆ ಬರುವುದಿಲ್ಲ. ಪಾಲು ಸಿಗುವುದು ಸಂಘಟಿತ ಫುಟ್‌ಬಾಲ್‌ನ ಭಾಗವಾದ, ರಾಜ್ಯ ಸಂಸ್ಥೆಯ ಮೂಲಕ ರಾಷ್ಟ್ರೀಯ ಸಂಸ್ಥೆಗೆ ಸೇರಿದ ಕ್ಲಬ್‌ಗೆ, ಅದೂ ಹುಡುಗನ ಹೆಸರು ಆ ಕ್ಲಬ್‌ನಲ್ಲಿ ನೋಂದಣಿಯಾಗಿದ್ದರೆ ಮಾತ್ರ. ನಮ್ಮಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಕೇಂದ್ರೀಕೃತ ನೋಂದಣಿ ವ್ಯವಸ್ಥೆ, ಅಂದರೆ ಸಿಆರ್‌ಎಸ್, ಇದಕ್ಕಿರುವ ದಾಖಲೆ. 12 ತುಂಬುವ ಕ್ಯಾಲೆಂಡರ್ ವರ್ಷದಿಂದಲೇ ವರ್ಷಗಳು ಎಣಿಕೆಯಾಗುತ್ತವೆ, ಆದ್ದರಿಂದ ಹುಡುಗ ದೊಡ್ಡವನಾದ ಮೇಲೆ ನೋಡೋಣ ಎಂದು ನೋಂದಣಿ ಮುಂದೂಡುವ ಅಕಾಡೆಮಿಗಳು ಆ ವರ್ಷಗಳನ್ನು ಕಳೆದುಕೊಳ್ಳುತ್ತವೆ. ಪ್ಯಾರಿಸ್‌ನಲ್ಲಿರುವ ಫಿಫಾ ಕ್ಲಿಯರಿಂಗ್ ಹೌಸ್ 2022ರ ನವೆಂಬರ್‌ನಲ್ಲಿ ಕೆಲಸ ಶುರು ಮಾಡಿತು. ಆಟಗಾರನ ಎಲೆಕ್ಟ್ರಾನಿಕ್ ಪಾಸ್‌ಪೋರ್ಟ್ (ಅವನು ಯಾವಾಗ ಯಾವ ಕ್ಲಬ್‌ನಲ್ಲಿ ನೋಂದಾಯಿತನಾಗಿದ್ದ ಎಂಬ ದಾಖಲೆ) ನೋಡಿ ಪಾಲು ಹಂಚುವುದು ಅದರ ಕೆಲಸ. ಹಿಂದೆ ಸಣ್ಣ ಕ್ಲಬ್‌ಗಳು ತಾವಾಗಿಯೇ ಮಾರಾಟದ ಸುದ್ದಿ ಹಿಡಿದು ಹಣ ಕೇಳಬೇಕಿತ್ತು. ಈಗ ಪಾಸ್‌ಪೋರ್ಟ್‌ನಲ್ಲಿ ಹೆಸರು ಇದೆಯೇ ಎಂದು ನೋಡಿಕೊಂಡು, ಕೇಳಿದ ಕಾಗದ ಒದಗಿಸಬೇಕು.

ಪ್ರಶ್ನೆ: ನಮ್ಮ ಲೀಗ್ ಒಂಬತ್ತು ಸೀಸನ್ ನಡೆದಿದೆ, ನಿಮಿಷದ ದಾಖಲೆ ಇಲ್ಲ. ಈಗ ಶುರು ಮಾಡಿದರೆ ಹಳಬರಿಗೆ ಅನ್ಯಾಯವಲ್ಲವೇ? *(ಹಾಸನದ ಲೀಗ್ ಅಡ್ಮಿನ್)*

ಉತ್ತರ: ಟ್ರಾನ್ಸ್‌ಫರ್ ದಿನಾಂಕಗಳು ನಿಮ್ಮಲ್ಲಿ ಇದ್ದೇ ಇರುತ್ತವೆ. ಹಳೆಯ ವಾರಗಳಿಗೆ ಫಿಫಾದಂತೆ ತಂಡದಲ್ಲಿದ್ದ ಅವಧಿಯನ್ನೇ ಹಿಡಿದು ವಾರಕ್ಕೆ 0.5 ಅಂಕ ಕೊಡಿ, 23 ದಾಟಿದವರನ್ನು ಬಿಡಿ. ಆಗಲೇ ನಡೆದ ಮಾರಾಟಗಳ ಹಣವನ್ನು ಮರಳಿ ಕೇಳಬೇಡಿ. ಆ ಬೆಲೆಗಳು ಹಳೆಯ ನಿಯಮ ನೋಡಿ ನಿಂತವು. ಒಂದು ಸೀಸನ್ ಮುಂಚೆಯೇ ದಿನಾಂಕ ಹೇಳಿ, ಜಾರಿಗೆ ಬರುವ ಹಿಂದಿನ ವಾರ ಮಾರುಕಟ್ಟೆಯನ್ನು ಮುಚ್ಚಿಡಿ. ಇಲ್ಲದಿದ್ದರೆ ಕಡಿತ ತಪ್ಪಿಸಿಕೊಳ್ಳಲು ಆ ವಾರ ಅರ್ಧ ಲೀಗ್ ಮಾರಾಟಕ್ಕೆ ಬಂದಿರುತ್ತದೆ.